ಹಾಡು ಯಾರದು, ನಿಲ್ಲಿಸುವವರು ಯಾರು? ವೃದ್ಧಾಶ್ರಮದಲ್ಲಿ ಸಂಗೀತ, ಮನರಂಜನೆ ಆರಿಸುವ ಬಗೆ

ಹಿರಿಯರ ಆರೈಕೆ ಕೇಂದ್ರವೊಂದರ ಹಜಾರ. ಮಧ್ಯಾಹ್ನ ಮೂರು ಗಂಟೆ. ಗೋಡೆಯ ಟಿವಿಯಲ್ಲಿ ವಾರ್ತೆ ಓಡುತ್ತಿತ್ತು. ಅದರ ಪಕ್ಕದಲ್ಲೇ ಸ್ಪೀಕರ್ ಇಟ್ಟು ಯಾರೋ ‘ಹಳೇ ಹಾಡು’ ಹಾಕಿದ್ದರು. ಸ್ಪೀಕರ್‌ಗೆ ತೀರಾ ಹತ್ತಿರ, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ. ಅವರ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. “ನೋಡಿ, ತಾಳ ಹಾಕ್ತಿದ್ದಾರೆ, ಎಷ್ಟು ಖುಷಿಯಾಗಿದ್ದಾರೆ” ಅಂತ ಸಿಬ್ಬಂದಿಯೊಬ್ಬರು ನನಗೆ ತೋರಿಸಿದರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಅವರ ಕೈ ಕಣ್ಣಿಗೆ ಬಿತ್ತು. ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಕಾಲು ತಾಳಕ್ಕೆ ಅಲ್ಲಾಡುತ್ತಿರಲಿಲ್ಲ. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಲು ನೋಡುತ್ತಿದ್ದರು. ಬ್ರೇಕ್ ಹಾಕಿತ್ತು.

ಬ್ರೇಕ್ ತೆಗೆದು ಕುರ್ಚಿಯನ್ನು ಕಿಟಕಿಯ ಹತ್ತಿರ ಒಯ್ದೆವು. ಎರಡು ನಿಮಿಷದಲ್ಲಿ ಬೆರಳು ಸಡಿಲವಾದವು.

ಕಣ್ಣಿಗೆ ರೆಪ್ಪೆ ಇದೆ, ಬೇಡ ಅನ್ನಿಸಿದರೆ ಮುಚ್ಚಬಹುದು. ಕಿವಿಗೆ ಅದಿಲ್ಲ. ನಾವೆಲ್ಲ ಬೇಡದ ಹಾಡು ಕೇಳಿಸಿದರೆ ಎದ್ದು ಹೋಗುತ್ತೇವೆ, ಇಲ್ಲವೇ ದನಿ ತಗ್ಗಿಸುತ್ತೇವೆ. ತಾನಾಗಿ ಏಳಲಾಗದವರು, “ಸಾಕು” ಅನ್ನಲು ಮಾತು ಸಿಗದವರು ಏನು ಮಾಡಬೇಕು? ಹಾಗಾಗಿ ವೃದ್ಧಾಶ್ರಮಕ್ಕೆ ಸಂಗೀತ ಆರಿಸುವಾಗ “ಯಾವ ಹಾಡು?” ಅನ್ನೋದು ಮೊದಲ ಪ್ರಶ್ನೆ ಅಲ್ಲ. ಇದು ಯಾರ ಹಾಡು? ಬೇಡವಾದರೆ ನಿಲ್ಲಿಸುವುದು ಯಾರ ಕೈಯಲ್ಲಿದೆ? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಉಳಿದದ್ದೆಲ್ಲ ಸಲೀಸು.

‘ಹಳೇ ಹಾಡು’ ಅಂದರೆ ಎಷ್ಟು ಹಳೇದು?

ವಯಸ್ಸಾದವರಿಗೆ ಹಳೇ ಹಾಡು ಇಷ್ಟ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. 2025ರಲ್ಲಿ 90 ತುಂಬಿದವರು ಹುಟ್ಟಿದ್ದು 1935ರಲ್ಲಿ. ಅವರಿಗೆ 15 ಆಗಿದ್ದು 1950ರಲ್ಲಿ, 25 ಆಗಿದ್ದು 1960ರಲ್ಲಿ. ಅದೇ ಹಜಾರದಲ್ಲಿ ಅವರ ಪಕ್ಕ ಕೂತವರಿಗೆ 68 ಅಂದುಕೊಳ್ಳಿ. ಅವರು ಹುಟ್ಟಿದ್ದು 1957ರಲ್ಲಿ. ಅವರ 15ರಿಂದ 25ರ ವಯಸ್ಸು 1972ರಿಂದ 1982ರವರೆಗೆ. ಒಬ್ಬರು ಹರೆಯದಲ್ಲಿ ರೇಡಿಯೊ ಮುಂದೆ ಕಾದು ಕೂತವರು. ಕ್ಯಾಸೆಟ್ ಪೇಟೆಗೆ ಬಂದದ್ದೇ 1963ರಲ್ಲಿ. ಇನ್ನೊಬ್ಬರು ಬೇಕಾದ ಹಾಡನ್ನು ಹಿಂದೆ ತಿರುಗಿಸಿ ಮತ್ತೆ ಮತ್ತೆ ಕೇಳಿದವರು. ಇಬ್ಬರ ನಡುವೆ ತಾಯಿ ಮಗಳಿಗೆ ಇರುವಷ್ಟು ಅಂತರ ಇದೆ. ನಾವು ಇಬ್ಬರನ್ನೂ ‘ಹಿರಿಯರು’ ಅಂತ ಒಂದೇ ಗುಂಪಿಗೆ ಹಾಕಿ, ಒಂದೇ ಪಟ್ಟಿ ಹಾಕಿಬಿಡುತ್ತೇವೆ.

ಈ ಲೆಕ್ಕದಲ್ಲಿ ಹರೆಯಕ್ಕೆ ಯಾಕೆ ಇಷ್ಟು ಮಹತ್ವ? ವಯಸ್ಸಾದವರನ್ನು ಅವರ ಬದುಕಿನ ನೆನಪುಗಳ ಬಗ್ಗೆ ಕೇಳಿದರೆ, ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಜಾಸ್ತಿ ಬರುತ್ತವೆ. ಇದನ್ನು ಚಿತ್ರವಾಗಿ ಬರೆದರೆ ಆ ವರ್ಷಗಳಲ್ಲಿ ಗೆರೆ ಗುಡ್ಡದ ಹಾಗೆ ಮೇಲೇಳುತ್ತದೆ. ಮನಶ್ಶಾಸ್ತ್ರದವರು ಇದನ್ನು ನೆನಪಿನ ಉಬ್ಬು ಅನ್ನುತ್ತಾರೆ. ಮೊದಲ ಕೆಲಸ, ಮೊದಲ ಪ್ರೀತಿ, ಮನೆ ಬಿಟ್ಟು ಹೊರಟದ್ದು, ಮೊದಲ ಮಗು, ಎಲ್ಲ ಆಗುವುದು ಆಗಲೇ ಅಲ್ವಾ. ಆಗ ಕಿವಿಗೆ ಬಿದ್ದ ಹಾಡು ಆ ನೆನಪುಗಳಿಗೆ ಅಂಟಿಕೊಂಡಿರುತ್ತದೆ.

ಆದರೆ ಹರೆಯದ ಹಾಡೇ ಎಲ್ಲ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹ್ಯಾನ್ಸಲ್ ಮತ್ತು ಸಂಗಡಿಗರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತರ ಆಸುಪಾಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿದಾಗ, ತಮ್ಮ ಅಪ್ಪ ಅಮ್ಮ ಹರೆಯದಲ್ಲಿದ್ದಾಗ ಬಂದ ಹಾಡುಗಳ ಮೇಲೂ ಅವರಿಗೆ ನಂಟಿತ್ತು. ಮನೆಯಲ್ಲಿ ಕೇಳಿ ಬೆಳೆದ ಹಾಡಲ್ವಾ. ಅಂದರೆ 90ರ ಅಜ್ಜನಿಗೆ ಅವರಮ್ಮ ಕೆಲಸ ಮಾಡುತ್ತಾ ಹೇಳುತ್ತಿದ್ದ ಹಾಡೂ ಸ್ವಂತದ್ದೇ. ಯಾವ ಧ್ವನಿಮುದ್ರಿಕೆಯಲ್ಲೂ ಸಿಗದ ಆ ಹಾಡನ್ನು ಯಾರಾದರೂ ಬಾಯಲ್ಲೇ ಹೇಳಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹರೆಯ ಎಲ್ಲರಿಗೂ ಸಿಹಿಯಾಗಿರಲಿಲ್ಲ. ಯುದ್ಧ, ಮನೆ ಮಠ ಕಳೆದುಕೊಂಡದ್ದು, ಸತ್ತ ಮಗು, ಹೊಡೆಯುತ್ತಿದ್ದ ಗಂಡ. ಹಾಡು ಒಳ್ಳೆಯ ನೆನಪನ್ನು ಹೊತ್ತು ತರುವಷ್ಟೇ ಸಲೀಸಾಗಿ ಇವನ್ನೂ ತರುತ್ತದೆ. ಕಣ್ಣೀರು ಬಂದ ಮಾತ್ರಕ್ಕೆ ತಪ್ಪು ಹಾಡು ಅಂತಲೂ ಅಲ್ಲ. ಅತ್ತು ಹಗುರಾಗುವವರಿದ್ದಾರೆ. ಆದರೆ ಅಳುವಾಗ ಪಕ್ಕದಲ್ಲಿ ಒಬ್ಬರು ಇರಬೇಕು. ಹಾಡು ಹಾಕಿ ಬೇರೆ ಕೆಲಸಕ್ಕೆ ಹೋಗಿಬಿಡುವುದು ಸರಿಯಲ್ಲ.

ಕೇಳುವುದೂ ಒಂದು ಕಲೆ

“ನಿಮಗೆ ಯಾವ ಹಾಡು ಇಷ್ಟ?” ಅಂತ ಕೇಳಿದರೆ ಹತ್ತರಲ್ಲಿ ಎಂಟು ಮಂದಿ “ಯಾವುದಾದ್ರೂ ಆಗುತ್ತೆ ಬಿಡಿ” ಅನ್ನುತ್ತಾರೆ. ಸಂಕೋಚ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವ ಅಭ್ಯಾಸ. ಕೆಲವರಿಗೆ ನಿಜವಾಗಿ ಹೆಸರು ನೆನಪಾಗುವುದಿಲ್ಲ. ಹಾಗಾಗಿ ಹಾಡನ್ನು ನೇರವಾಗಿ ಕೇಳುವ ಬದಲು ಹಾಡಿದ್ದ ಜಾಗವನ್ನು ಕೇಳಬೇಕು. ಮನೆಯಲ್ಲಿ ಯಾರು ಹಾಡುತ್ತಿದ್ದರು? ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಏನು ಕೇಳಿಸುತ್ತಿತ್ತು? ಮಕ್ಕಳನ್ನು ಮಲಗಿಸಲು ಏನು ಹೇಳುತ್ತಿದ್ದಿರಿ? ಮದುವೆಯ ದಿನ ಯಾವ ವಾದ್ಯ ಇತ್ತು? ಹೀಗೆ ಕೇಳಿದಾಗ ಮಾತು ತಾನಾಗಿ ಹಾಡಿನ ಕಡೆ ತಿರುಗುತ್ತದೆ. ಒಂದೆರಡು ಸಾಲು ಗುನುಗಿಯೂ ಬಿಡುತ್ತಾರೆ. ಹೆಸರು ಬೇಕಿಲ್ಲ, ಆ ಗುನುಗನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. “ಯಾವ ಹಾಡು ಕೇಳಿದರೆ ಎದ್ದು ಹೋಗಬೇಕು ಅನ್ನಿಸುತ್ತೆ?” ನನ್ನ ಮಟ್ಟಿಗೆ ಇಷ್ಟದ ಪಟ್ಟಿಗಿಂತ ಈ ಬೇಡದ ಪಟ್ಟಿಯೇ ಮುಖ್ಯ. ಇಷ್ಟದ ಹಾಡು ತಪ್ಪಿದರೆ ಒಂದು ಸಂಜೆ ಸಪ್ಪೆಯಾಗುತ್ತದೆ. ಬೇಡದ ಹಾಡು ಬಂದರೆ ಆ ರಾತ್ರಿಯ ನಿದ್ದೆಯೇ ಹೋಗಬಹುದು.

ಮನೆಯವರನ್ನೂ ಕೇಳಬೇಕು, ಆದರೆ ಅವರ ಉತ್ತರವನ್ನೇ ಕೊನೆ ಮಾತು ಮಾಡಬಾರದು. ಮಗ ಮಗಳಿಗೆ ಗೊತ್ತಿರುವುದು ನಡುವಯಸ್ಸಿನ ಅಪ್ಪ ಅಮ್ಮ. ಹದಿನೆಂಟರ ಹುಡುಗಿ ಏನು ಹಾಡುತ್ತಿದ್ದಳು ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಅದು ತಂಗಿಗೋ, ಹಳೇ ಗೆಳತಿಗೋ ಗೊತ್ತಿರುತ್ತದೆ. “ಅಪ್ಪ ಬರೀ ದೇವರ ಹಾಡು ಕೇಳೋದು” ಅಂದ ಮನೆಯವರ ಅಪ್ಪ, ಕುಣಿತದ ಹಾಡು ಬಂದಾಗ ಭುಜ ಅಲ್ಲಾಡಿಸಿದ್ದನ್ನು ನೋಡಿದ್ದೇನೆ.

ಭಾಷೆಯನ್ನೂ ವಿಚಾರಿಸಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬಲಿತಾಗ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಎಳವೆಯ ಭಾಷೆಯೇ ಉಳಿಯುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ಐವತ್ತು ವರ್ಷ ಇನ್ನೊಂದು ಭಾಷೆಯಲ್ಲಿ ವ್ಯವಹರಿಸಿದವರಿಗೂ ಲಾಲಿ ಹಾಡು ತಾಯಿಯ ಭಾಷೆಯದ್ದೇ.

ಹೆಸರು ಹೋದ ಮೇಲೂ ಹಾಡು ಯಾಕೆ ಉಳಿಯುತ್ತದೆ?

ಇಂಗ್ಲೆಂಡಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರಿಗೆ 1985ರಲ್ಲಿ ಮೆದುಳಿಗೆ ವೈರಸ್ ಸೋಂಕು ತಗುಲಿತು. ಆಮೇಲೆ ಅವರಿಗೆ ಹೊಸ ನೆನಪು ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ. ಹೆಂಡತಿ ಕೋಣೆಯಿಂದ ಹೊರಗೆ ಹೋಗಿ ಬಂದರೆ ವರ್ಷಗಟ್ಟಲೆ ಕಾಣದವರ ಹಾಗೆ ಅಪ್ಪಿಕೊಳ್ಳುತ್ತಿದ್ದರು. ಆದರೂ ಪಿಯಾನೊ ಮುಂದೆ ಕೂತರೆ ನುಡಿಸುತ್ತಿದ್ದರು. ಗಾಯಕರ ತಂಡವನ್ನೂ ನಡೆಸುತ್ತಿದ್ದರು. ಘಟನೆಗಳನ್ನು ಇಟ್ಟುಕೊಳ್ಳುವ ನೆನಪು ಬೇರೆ, ಕೈ ಬಾಯಿ ಕಲಿತ ಅಭ್ಯಾಸದ ನೆನಪು ಬೇರೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಮರೆವಿನ ಕಾಯಿಲೆಗಳಲ್ಲಿ ಒಂದಾದ ಆಲ್ಜೈಮರ್ಸ್ ವಿಷಯದಲ್ಲಿ 2015ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಸಂಶೋಧಕರು, ತುಂಬಾ ದಿನದಿಂದ ಗೊತ್ತಿರುವ ಹಾಡು ಕೇಳಿದಾಗ ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೆ ಅಂತ ಮೊದಲು ಪತ್ತೆ ಹಚ್ಚಿದರು. ಆಮೇಲೆ ಕಾಯಿಲೆ ಇರುವವರ ಮೆದುಳಿನಲ್ಲಿ ಆ ಭಾಗ ಹೇಗಿದೆ ಅಂತ ನೋಡಿದರು. ಉಳಿದ ಕಡೆ ಮೆದುಳು ಸವೆದಿದ್ದರೂ ಆ ಜಾಗ ಕಡಿಮೆ ಸವೆದಿತ್ತು. ಮಗಳ ಹೆಸರು ಮರೆತವರು ಹಾಡಿನ ಸಾಲು ತಪ್ಪದೆ ಹೇಳುವುದರ ಹಿಂದೆ ಇಂಥ ಕಾರಣ ಇರಬಹುದು.

ಪಾರ್ಶ್ವವಾಯುವಿನಿಂದ ಮಾತು ನಿಂತ ಕೆಲವರಿಗೆ ಹಾಡಿನಲ್ಲಿ ಪದ ಬರುತ್ತದೆ. ಈ ಗುಣವನ್ನೇ ಹಿಡಿದು ಅಮೆರಿಕದಲ್ಲಿ 1973ರ ಹೊತ್ತಿಗೆ ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯನ್ನು ರೂಪಿಸಿದರು. ಪಾರ್ಕಿನ್‌ಸನ್ಸ್, ಅಂದರೆ ಮೈ ನಡುಗಿ ಚಲನೆ ನಿಧಾನವಾಗುವ ಕಾಯಿಲೆ ಇರುವವರ ಹೆಜ್ಜೆ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತಾಗ, ಒಂದೇ ಲಯದ ತಾಳ ಕೇಳಿಸಿದರೆ ಮುಂದೆ ಸಾಗಬಹುದು. ಇವೆಲ್ಲ ತರಬೇತಿ ಪಡೆದವರು ಮಾಡುವ ಕೆಲಸ, ವಾರದ ಹಾಡಿನ ಕಾರ್ಯಕ್ರಮ ಅದಕ್ಕೆ ಬದಲಿ ಅಲ್ಲ. ಆದರೆ ಹಾಡಿನ ಹೊತ್ತಿನಲ್ಲಿ ಮಾತು ಬಾರದವರ ಬಾಯಿಂದ ಒಂದು ಪದ ಬಂದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸಂಗೀತದಿಂದ ಮರೆವು ವಾಸಿಯಾಗುತ್ತದೆ ಅನ್ನುವ ಭರವಸೆಯನ್ನು ಮಾತ್ರ ಯಾರಿಗೂ ಕೊಡಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2018ರಲ್ಲಿ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಆರೈಕೆ ಕೇಂದ್ರಗಳಲ್ಲಿರುವ ಡಿಮೆನ್ಷಿಯಾ ರೋಗಿಗಳಿಗೆ ಕಡೇ ಪಕ್ಷ ಐದು ಬಾರಿ ಸಂಗೀತದ ಚಿಕಿತ್ಸೆ ಕೊಟ್ಟಾಗ ಮನಸ್ಸಿನ ಕುಗ್ಗು ಕಡಿಮೆಯಾಗುವ ಸಾಧ್ಯತೆ ಕಂಡಿತು, ಒಟ್ಟಾರೆ ನಡವಳಿಕೆಯ ತೊಂದರೆಗಳೂ ತಗ್ಗುವಂತೆ ಕಂಡಿತು. ನೆನಪು, ಯೋಚನೆಯ ಶಕ್ತಿ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ನನಗೆ ಅಷ್ಟೇ ಸಾಕು. ಕುಗ್ಗಿದ ಮನಸ್ಸು ಒಂದು ಮಧ್ಯಾಹ್ನ ಅರಳಿದರೆ ಅದು ಸಣ್ಣ ಕೆಲಸ ಅಲ್ಲ.

ಕಿವಿಯ ಕಡೆ ಗಮನ ಕೊಡಿ

ಇಲ್ಲೇ ಹೆಚ್ಚು ತಪ್ಪು ಆಗುವುದು. ಕೇಳಿಸುತ್ತಿಲ್ಲ ಅಂದ ಕೂಡಲೇ ನಾವು ದನಿ ಏರಿಸುತ್ತೇವೆ. ವಯಸ್ಸಾದ ಕಿವಿ ಕೆಲಸ ಮಾಡುವ ರೀತಿಯೇ ಬೇರೆ. ಮೊದಲು ಹೋಗುವುದು ಕೀರಲು ದನಿಗಳು, ಅಂದರೆ ಎತ್ತರದ ಸ್ವರಗಳು. ಮಾತಿನಲ್ಲಿ ಸ, ಶ, ಫ, ತ ಇಂಥ ಅಕ್ಷರಗಳು ಮಸುಕಾಗುತ್ತವೆ. ಆ, ಓ, ಊ ಕೇಳಿಸುತ್ತದೆ. ಹಾಗಾಗಿ ಯಾರೋ ಹಾಡುತ್ತಿರುವುದು ತಿಳಿಯುತ್ತದೆ, ಏನು ಹಾಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಇದರ ಜೊತೆ ಇನ್ನೊಂದು ವಿಚಿತ್ರ ಇದೆ. ಮೆಲುದನಿ ಕೇಳಿಸದ ಅದೇ ಕಿವಿಗೆ ಸ್ವಲ್ಪ ಜೋರಾದರೆ ಸಾಕು, ತಟ್ಟನೆ ಕರ್ಕಶವಾಗುತ್ತದೆ. ಕೇಳಿಸದಿರುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಜಾಗ ಕಿರಿದಾಗಿರುತ್ತದೆ. ಆ ಅಜ್ಜಿ ಕುರ್ಚಿಯನ್ನು ಹಿಂದಕ್ಕೆ ತಳ್ಳಲು ನೋಡಿದ್ದು ಇದಕ್ಕೇ.

ಕಿವಿಗೆ ಹಾಕುವ ಮಷೀನು ಮುಖ್ಯವಾಗಿ ಮಾತಿಗಾಗಿ ಮಾಡಿದ್ದು. ಸಂಗೀತದ ಉದ್ದ ಸ್ವರವನ್ನು ಅದು ಕೆಲವೊಮ್ಮೆ ತನ್ನದೇ ಸಿಳ್ಳೆ ಅಂದುಕೊಂಡು ಅಡಗಿಸಲು ನೋಡುತ್ತದೆ. ಆಗ ಕೊಳಲಿನ ಸ್ವರ ನಡುಗಿದ ಹಾಗೆ ಕೇಳಿಸುತ್ತದೆ. ಎಷ್ಟೋ ಮಷೀನುಗಳಲ್ಲಿ ಸಂಗೀತಕ್ಕೆ ಅಂತಲೇ ಬೇರೆ ಹೊಂದಿಕೆ ಇರುತ್ತದೆ. ಕೊಟ್ಟವರ ಹತ್ತಿರ ಅದನ್ನು ಕೇಳಿ ಹಾಕಿಸಿಕೊಳ್ಳಿ. ಅದಕ್ಕೂ ಮೊದಲು ಬ್ಯಾಟರಿ ಇದೆಯಾ, ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿ. ‘ಸಂಗೀತದಲ್ಲಿ ಆಸಕ್ತಿ ಇಲ್ಲ’ ಅಂತ ಬರೆಸಿಕೊಂಡ ಕೆಲವರ ತೊಂದರೆ ಅಷ್ಟೇ ಆಗಿರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಟಿವಿ ಆರಿಸಿ. ಒಂದು ಕೋಣೆಯಲ್ಲಿ ಒಂದೇ ಸದ್ದು. ಕಿಟಕಿಗೆ ದಪ್ಪ ಪರದೆ ಇದ್ದರೆ ಎಳೆಯಿರಿ, ಬರೀ ಗೋಡೆ ಮತ್ತು ನೆಲ ಇದ್ದ ಕಡೆ ಸದ್ದು ಗುಂಯ್‌ಗುಟ್ಟುತ್ತದೆ. ಒಂದು ದೊಡ್ಡ ಸ್ಪೀಕರ್ ಮೂಲೆಯಲ್ಲಿ ಜೋರಾಗಿ ಇಡುವ ಬದಲು, ಎರಡು ಸಣ್ಣವನ್ನು ಹತ್ತಿರದಲ್ಲಿ ಮೆಲ್ಲಗೆ ಇಡಿ. ಪಕ್ಕದವರ ಹತ್ತಿರ ಕೂಗದೆ ಮಾತಾಡಲು ಆಗಬೇಕು, ಅದೇ ಅಳತೆ. ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಫೋನಿನ ಆ್ಯಪ್‌ನಲ್ಲಿ ನೋಡಿದಾಗ ಸಂಗೀತ ಅದಕ್ಕಿಂತ ತುಂಬಾ ಮೇಲೆ ಹೋದರೆ ತಗ್ಗಿಸಿ. ಒಂದೆರಡು ವಾದ್ಯ ಮತ್ತು ಒಂದು ದನಿ ಇರುವ ಹಾಡು, ಇಪ್ಪತ್ತು ವಾದ್ಯಗಳ ಹಾಡಿಗಿಂತ ಈ ಕಿವಿಗಳಿಗೆ ಸ್ಪಷ್ಟ. ಉಚಿತವಾಗಿ ಸಿಗುತ್ತದೆ ಅಂತ ಯೂಟ್ಯೂಬ್‌ನಿಂದ ನೇರವಾಗಿ ಹಾಕಿದರೆ ಲಾಲಿ ಹಾಡಿನ ನಡುವೆ ಜಾಹೀರಾತು ಅರಚುತ್ತದೆ. ಅರೆನಿದ್ದೆಯಲ್ಲಿದ್ದವರು ಬೆಚ್ಚಿಬೀಳುವುದನ್ನು ಕಂಡಿದ್ದೇನೆ. ಜಾಹೀರಾತು ಇಲ್ಲದ ವ್ಯವಸ್ಥೆ ಮಾಡಿಕೊಂಡೇ ಶುರು ಮಾಡಿ.

ಹೆಡ್‌ಫೋನ್ ಒಳ್ಳೆಯದೇ, ಒಬ್ಬೊಬ್ಬರಿಗೆ ಅವರವರ ಹಾಡು ಕೊಡಬಹುದು. ಆದರೆ ಅದು ಜನರಿಂದ ದೂರವನ್ನೂ ಮಾಡುತ್ತದೆ. ತಲೆಗೆ ಏನೋ ಬಿಗಿದರು ಅಂತ ಹೆದರುವವರಿದ್ದಾರೆ. ತೋರಿಸಿ, ಕೈಗೆ ಕೊಟ್ಟು, ಅವರಾಗೇ ಹಾಕಿಕೊಂಡರೆ ಮಾತ್ರ ಸರಿ. ಅರ್ಧ ಗಂಟೆ ಆದ ಮೇಲೆ ತೆಗೆದು ಒರೆಸಿಡಿ, ಹಾಡಿನ ಬಗ್ಗೆ ಎರಡು ಮಾತಾಡಿ.

ಯಾವ ಹೊತ್ತಿಗೆ, ಎಷ್ಟು ಹೊತ್ತು

ಬೆಳಗ್ಗೆಯಿಂದ ರಾತ್ರಿಯವರೆಗೆ ಹಿನ್ನೆಲೆಯಲ್ಲಿ ಹಾಡು ಇರಲಿ ಅನ್ನುವ ಕೇಂದ್ರಗಳಿವೆ. ಇದು ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಎಡೆಬಿಡದ ಸದ್ದು ದಣಿಸುತ್ತದೆ. ಅದರ ನಡುವೆ ನಿಜವಾದ ಹಾಡಿಗೂ ಬೆಲೆ ಇರುವುದಿಲ್ಲ. ದಿನಕ್ಕೆ ಒಂದೆರಡು ಬಾರಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಆಮೇಲೆ ಸದ್ದಿಲ್ಲದ ಹೊತ್ತು.

ಡಿಮೆನ್ಷಿಯಾ ಇರುವ ಎಷ್ಟೋ ಜನರಿಗೆ ಸಂಜೆ ಆಗುತ್ತಿದ್ದಂತೆ ಚಡಪಡಿಕೆ ಶುರುವಾಗುತ್ತದೆ. ಮನೆಗೆ ಹೋಗಬೇಕು ಅನ್ನುತ್ತಾರೆ, ಬಾಗಿಲ ಹತ್ತಿರ ಓಡಾಡುತ್ತಾರೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಗರ್ಡನರ್ 1990ರ ದಶಕದಲ್ಲಿ ಒಂದು ಸರಳ ಕ್ರಮ ತೋರಿಸಿಕೊಟ್ಟರು. ಚಡಪಡಿಕೆ ಏರಿದ ಮೇಲೆ ಹಾಡು ಹಾಕಬೇಡಿ. ಅದು ಯಾವ ಹೊತ್ತಿಗೆ ಬರುತ್ತದೆ ಅಂತ ಕೆಲವು ದಿನ ಗಮನಿಸಿ, ಸುಮಾರು ಅರ್ಧ ಗಂಟೆ ಮೊದಲೇ ಆ ವ್ಯಕ್ತಿಯದ್ದೇ ಇಷ್ಟದ ಹಾಡು ಹಾಕಿ. ಐದಕ್ಕೆ ಶುರುವಾಗುವವರಿಗೆ ನಾಲ್ಕೂವರೆಗೆ. ಎಷ್ಟು ಸಣ್ಣ ವಿಷಯ ನೋಡಿ, ಆದರೆ ಇದಕ್ಕೆ ಆ ಒಬ್ಬರನ್ನು ಗಮನಿಸಿದ ಯಾರಾದರೂ ಅಲ್ಲಿ ಇರಲೇಬೇಕು.

ಈಗಾಗಲೇ ಸಿಟ್ಟಿನಲ್ಲೋ ದುಃಖದಲ್ಲೋ ಇರುವವರಿಗೆ ತಟ್ಟನೆ ಶಾಂತ ಸಂಗೀತ ಹಾಕಿದರೆ ಒಗ್ಗುವುದಿಲ್ಲ. “ಸುಮ್ಮನಿರು” ಅಂದ ಹಾಗಾಗುತ್ತದೆ. ಸಂಗೀತ ಚಿಕಿತ್ಸಕರು 1940ರ ದಶಕದಿಂದ ಬಳಸುತ್ತಿರುವ ದಾರಿ ಬೇರೆ. ಮೊದಲು ಅವರ ಮನಸ್ಸು ಯಾವ ವೇಗದಲ್ಲಿದೆಯೋ ಅದೇ ವೇಗದ ಹಾಡು. ಮುಂದಿನದು ಸ್ವಲ್ಪ ನಿಧಾನ. ಅದರ ಮುಂದಿನದು ಇನ್ನೂ ನಿಧಾನ. ಹಾಡು ಮೊದಲು ಅವರ ಜೊತೆ ನಡೆದು, ಆಮೇಲೆ ಕೈ ಹಿಡಿದು ಕರೆದೊಯ್ಯುತ್ತದೆ. ತೂಕಡಿಸುತ್ತಿರುವವರನ್ನು ಊಟಕ್ಕೆ ಮೊದಲು ಎಚ್ಚರಗೊಳಿಸಬೇಕಾದರೆ ಇದನ್ನೇ ತಿರುಗಿಸಿ, ಮೆಲ್ಲಗಿನಿಂದ ಚುರುಕಿಗೆ.

ಹಾಡುವವರನ್ನು ಕರೆಸುವಾಗ

ಧ್ವನಿಮುದ್ರಿಕೆಗಿಂತ ಎದುರಿಗೆ ನಿಂತು ಹಾಡುವವರು ಮೇಲು. ಕಾರಣ ಸರಳ, ಅವರು ಕಾಯಬಲ್ಲರು. ನಾನು ಕಂಡ ಒಬ್ಬ ಗಾಯಕಿ ಪ್ರತಿ ಸಾಲಿನ ಕೊನೆಯ ಪದವನ್ನು ಹಾಡದೆ ನಿಲ್ಲಿಸುತ್ತಿದ್ದರು. ನಿಲ್ಲಿಸಿ ಮುಖ ನೋಡುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು. ವಾರಗಟ್ಟಲೆ ಮಾತಾಡದೆ ಕೂತಿದ್ದ ಒಬ್ಬ ತಾತ, ನಾಲ್ಕನೇ ಸಾಲಿಗೆ ಆ ಪದವನ್ನು ಹಾಕಿದರು. ಒರಟು ದನಿ, ಶ್ರುತಿ ಇಲ್ಲ. ಗಾಯಕಿ ತಮ್ಮ ಶ್ರುತಿಯನ್ನೇ ಅವರ ದನಿಗೆ ಇಳಿಸಿ ಮುಂದಿನ ಸಾಲು ಎತ್ತಿಕೊಂಡರು. ಯಾವ ಯಂತ್ರವೂ ಹೀಗೆ ಮಾಡುವುದಿಲ್ಲ.

ಹಾಗಾಗಿ ಗಾಯಕರನ್ನು ಆರಿಸುವಾಗ ಕಂಠ ನೋಡುವಷ್ಟೇ ಕಣ್ಣನ್ನೂ ನೋಡಿ. ಹಾಳೆ ನೋಡಿ ಹಾಡುತ್ತಾರಾ, ಜನರನ್ನು ನೋಡಿ ಹಾಡುತ್ತಾರಾ? ಬರುವ ಮೊದಲೇ ಕೆಲವು ಮಾತು ಹೇಳಿಬಿಡಿ. ವಯಸ್ಸಾದಂತೆ ಹೆಂಗಸರ ದನಿ ಕೆಳಗಿಳಿಯುತ್ತದೆ, ಎಲ್ಲರೂ ಸೇರಿ ಹಾಡಬೇಕಾದರೆ ಶ್ರುತಿ ಎರಡು ಮೂರು ಮನೆ ಇಳಿಸಬೇಕು. ವೇಗ ತುಸು ತಗ್ಗಿಸಬೇಕು, ಎಳೆದು ಎಳೆದು ಶೋಕಗೀತೆ ಮಾಡುವಷ್ಟಲ್ಲ. ವೇದಿಕೆ ಬೇಡ, ಕುರ್ಚಿಗಳು ಅರ್ಧ ಸುತ್ತಿನಲ್ಲಿ ಇರಲಿ, ನಡುವೆ ನಡೆದು ಹೋಗುವಷ್ಟು ಜಾಗ ಬಿಡಿ. ಮಾತಾಡಿಸುವಾಗ ಬಗ್ಗಿ ಅಥವಾ ಕೂತು, ಕಣ್ಣಿನ ಮಟ್ಟಕ್ಕೆ ಬರಲಿ. ಬೆಳಕು ಗಾಯಕರ ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದಿನ ಕಿಟಕಿಯಿಂದಲ್ಲ. 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರರಲ್ಲಿ ಒಂದು ಪಾಲು ಅಷ್ಟೇ. ತುಟಿ ಕಾಣಿಸಿದರೆ ಅರ್ಧ ಮಾತು ಕೇಳಿಸಿದ ಹಾಗೆ. ಮಿನುಗುವ ಬಣ್ಣದ ದೀಪ, ಹೊಗೆ ಖಂಡಿತ ಬೇಡ. ಹಾಡಿನ ಸಾಲು ಹಂಚುವುದಾದರೆ ದಪ್ಪ ಅಕ್ಷರದಲ್ಲಿ, ಒಂದು ಪುಟಕ್ಕೆ ಒಂದೇ ಹಾಡು.

ಶುರುವಾಗುವ ಮೊದಲು ಎಲ್ಲರೂ ಶೌಚಾಲಯಕ್ಕೆ ಹೋಗಿ ಬಂದಿರಲಿ. ಇದನ್ನು ಮರೆತು ಒಳ್ಳೊಳ್ಳೆಯ ಕಛೇರಿಗಳು ಕೆಟ್ಟಿವೆ. ಸಂಕೋಚದಿಂದ ಕೇಳಲಾಗದೆ ಮುಕ್ಕಾಲು ಗಂಟೆ ಮೈ ಬಿಗಿಹಿಡಿದು ಕೂತವರ ಮುಖ ನೋಡಿ ಹಾಡು ಹಿಡಿಸಲಿಲ್ಲ ಅಂದುಕೊಳ್ಳುತ್ತೇವೆ. ಕುಣಿಯಲು ಏಳುವವರ ಪಕ್ಕ ಒಬ್ಬರು ಇರಲಿ, ಬೀಳುವ ಭಯಕ್ಕೆ “ಕೂತ್ಕೊಳ್ಳಿ” ಅನ್ನಬೇಡಿ. ಕೂತಲ್ಲೇ ಕುಣಿಯುವವರ ಕೈ ಹಿಡಿದು ತೂಗಿ.

ಕೈಗೆ ಕೊಡುವ ವಾದ್ಯದ ಬಗ್ಗೆ ನನಗೆ ಕಟ್ಟುನಿಟ್ಟಿನ ಅಭಿಪ್ರಾಯ ಇದೆ. ಮಗುವಿನ ಬಣ್ಣದ ಗಿಲಕಿ ಕೊಡಬೇಡಿ. ನಿಜವಾದ ಕಂಜಿರ, ತಾಳ, ಸಣ್ಣ ಗೆಜ್ಜೆ ಸರ ಕೊಡಿ. ಮೂವತ್ತು ವರ್ಷ ಲೆಕ್ಕಪತ್ರ ನೋಡಿದವರ, ಮನೆ ಕಟ್ಟಿದವರ ಕೈ ಅದು. ಮಕ್ಕಳ ಪದ್ಯ ಹಾಡಿಸುವುದು, “ವೆರಿ ಗುಡ್” ಅಂತ ಕೆನ್ನೆ ತಟ್ಟುವುದು, ಒತ್ತಾಯದ ಚಪ್ಪಾಳೆ, ಇವೆಲ್ಲ ಅವರಿಗೆ ನೋವು ಮಾಡುತ್ತವೆ, ಬಾಯಿಬಿಟ್ಟು ಹೇಳದಿದ್ದರೂ. ಮಕ್ಕಳು ಬಂದು ಹಾಡಿದರೆ ಮಾತ್ರ ಮಾತೇ ಬೇರೆ, ಆಗ ಹಿರಿಯರು ಕಲಿಸುವವರಾಗುತ್ತಾರೆ. ಒಂದು ಗಂಟೆಯ ಪ್ರದರ್ಶನಕ್ಕಿಂತ, ಇಪ್ಪತ್ತು ನಿಮಿಷ ಹಾಡಿ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂತು ಮಾತಾಡಿದರೆ ಚೆನ್ನ.

ಸಂಗೀತ ಬೇಡ ಅನ್ನುವವರಿಗೆ

ಹಾಡು ಹಿಡಿಸದವರೂ ಇದ್ದಾರೆ. ಮೆದುಳಿನ ಕೆಲವು ಕಾಯಿಲೆಗಳಲ್ಲಿ ಜೀವನವಿಡೀ ಇಷ್ಟವಾಗಿದ್ದ ಸಂಗೀತವೇ ಬೇಡವಾಗುತ್ತದೆ, ರುಚಿಯೇ ಬದಲಾಗುತ್ತದೆ. ಹಳೆಯ ಪಟ್ಟಿಯನ್ನೇ ಹಿಡಿದು ಕೂರಬಾರದು.

ಮನರಂಜನೆ ಅಂದರೆ ನೋಡುತ್ತಾ ಕೂರುವುದು ಅಂತ ನಾವು ಅಂದುಕೊಂಡಿದ್ದೇವೆ. ತುಂಬಾ ಜನಕ್ಕೆ ಮಾಡುವುದರಲ್ಲಿ ಖುಷಿ ಇದೆ. ಗಿಡಕ್ಕೆ ನೀರು ಹಾಕುವುದು, ಬಟ್ಟೆ ಮಡಚುವುದು, ಇಸ್ಪೀಟು, ಪದಬಂಧ, ಗಟ್ಟಿಯಾಗಿ ಪತ್ರಿಕೆ ಓದಿ ಹೇಳುವುದು. ನಾಯಿ, ಬೆಕ್ಕು ಬಂದರೆ ಎಷ್ಟೋ ಮುಖಗಳು ತಿರುಗುತ್ತವೆ. ಹೆದರುವವರನ್ನು ಮೊದಲೇ ಕೇಳಿಕೊಂಡಿರಬೇಕು ಅಷ್ಟೇ.

ಸಿನಿಮಾ ವಿಷಯದಲ್ಲಿ, ಮರೆವು ಇರುವವರಿಗೆ ಎರಡೂವರೆ ಗಂಟೆಯ ಕಥೆ ಹಿಡಿದಿಟ್ಟುಕೊಳ್ಳುವುದು ಕಷ್ಟ. ಮೊದಲ ಹತ್ತು ನಿಮಿಷ ಮರೆತರೆ ಉಳಿದದ್ದು ಗೊಂದಲ. ಹಾಡು, ಕುಣಿತ, ಪ್ರಾಣಿ, ಊರು, ಹಳೇ ಆಟದ ಪಂದ್ಯ, ಹೀಗೆ ಬಿಡಿ ಬಿಡಿಯಾಗಿ ನೋಡಿದರೂ ಅರ್ಥವಾಗುವಂಥದ್ದು ಒಳ್ಳೆಯದು. ಮುಖ್ಯವಾಗಿ, ದಿನವಿಡೀ ವಾರ್ತೆಯ ಚಾನೆಲ್ ಹಾಕಿಡಬೇಡಿ. ಪರದೆಯ ಮೇಲೆ ನಡೆಯುವುದು ಇದೇ ಕೋಣೆಯಲ್ಲಿ ನಡೆಯುತ್ತಿದೆ ಅಂತ ನಂಬುವವರಿದ್ದಾರೆ. ಬೆಂಕಿ ಕಂಡರೆ ಅವರಿಗೆ ಬೆಂಕಿಯೇ.

ಹಜಾರಕ್ಕೆ ಬರಲಾಗದೆ ಹಾಸಿಗೆಯಲ್ಲೇ ಇರುವವರನ್ನು ಎಲ್ಲ ಕಾರ್ಯಕ್ರಮವೂ ಮರೆಯುತ್ತದೆ. ಅವರ ಕೋಣೆಗೆ ಐದು ನಿಮಿಷ ಹೋಗಿ, ಒಂದು ಹಾಡು, ಒಂದು ದನಿ, ಕೈ ಮೇಲೆ ಕೈ. ಕೊನೆಯ ದಿನಗಳಲ್ಲಿ ಮಾತಿಗೆ ಸ್ಪಂದಿಸದವರ ಹತ್ತಿರವೂ ಹೋಗಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿಗೆ ಕೆಲವೇ ಗಂಟೆ ಇದ್ದು ಪ್ರಜ್ಞೆ ಇಲ್ಲದಂತಿದ್ದ ಕೆಲವರ ಮೆದುಳು ಸ್ವರಗಳ ಬದಲಾವಣೆಗೆ ಇನ್ನೂ ಸ್ಪಂದಿಸುತ್ತಿರುವುದು ಕಂಡಿತು. ಅವರಿಗೆ ಅದು ಅರ್ಥವಾಗುತ್ತಿತ್ತು ಅಂತ ಇದರಿಂದ ಹೇಳಲಾಗದು. ಮೆಲ್ಲಗೆ ಹಾಡಲು ನನಗೆ ಇಷ್ಟು ಕಾರಣ ಸಾಕು.

ಬೇಕು, ಬೇಡ ಅನ್ನುವುದನ್ನು ಮೈ ನೋಡಿ ತಿಳಿಯುವುದು

ಚಪ್ಪಾಳೆಯನ್ನು ನಂಬಬೇಡಿ, ಅದು ಮರ್ಯಾದೆಗೂ ಬರುತ್ತದೆ. ಉಸಿರು ನಿಧಾನವಾಗುವುದು, ಹುಬ್ಬು ಸಡಿಲವಾಗುವುದು, ಬೆರಳಿನಲ್ಲಿ ತಾಳ, ತುಟಿಯ ಚಲನೆ, ಪಕ್ಕದವರ ಕಡೆ ನೋಟ, ಇವು ಒಳ್ಳೆಯ ಲಕ್ಷಣ. ಮುಖ ತಿರುಗಿಸುವುದು, ಬಟ್ಟೆಯ ಅಂಚು ಎಳೆಯುವುದು, ಕಣ್ಣು ಬಿಗಿದು ಮುಚ್ಚುವುದು, ಮುಷ್ಟಿ, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಇವು “ಸಾಕು” ಅನ್ನುವ ಮಾತು. ನಿದ್ದೆ ಎರಡೂ ಆಗಿರಬಹುದು. ನೆಮ್ಮದಿಯಿಂದಲೂ ಬರುತ್ತದೆ, ಸದ್ದಿನಿಂದ ತಪ್ಪಿಸಿಕೊಳ್ಳಲೂ ಬರುತ್ತದೆ.

ಪ್ರತಿ ಸಲ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆದಿಡಿ. ‘ಚೆನ್ನಾಗಿತ್ತು’ ಅಂತಲ್ಲ. ಏನು ಹಾಕಿದ್ದು, ಯಾವ ಹೊತ್ತು, ಮೈ ಏನು ಹೇಳಿತು. ಪಾಳಿ ಬದಲಾದಾಗ ಬರುವ ಹೊಸ ಹುಡುಗನಿಗೂ ಅದು ಓದಲು ಸಿಗಬೇಕು. ಎರಡು ತಿಂಗಳಲ್ಲಿ ಆ ಸಾಲುಗಳಿಂದ ಒಂದು ಸಣ್ಣ ಚೀಟಿ ತಯಾರಾಗುತ್ತದೆ, ಅದನ್ನು ಕೋಣೆಯ ಬಾಗಿಲ ಒಳಬದಿಗೆ ಅಂಟಿಸಬಹುದು.

ಕಿಟಕಿಯ ಹತ್ತಿರ ಒಯ್ದೆವಲ್ಲ, ಆ ಅಜ್ಜಿಯ ಬಾಗಿಲಲ್ಲಿ ಈಗ ಅಂಥ ಚೀಟಿ ಇದೆ. ಅದರಲ್ಲಿ ಬರೆದಿರುವುದು ಇಷ್ಟು: “ಸ್ಪೀಕರ್‌ನಿಂದ ದೂರ, ಕಿಟಕಿ ಪಕ್ಕ. ಬಲಗಿವಿ ವಾಸಿ. ಡೋಲು, ತಮಟೆ ಬೇಡ. ಒಬ್ಬರೇ ಹಾಡಿದರೆ ಇಷ್ಟ, ಬಾಯಿಹಾಡು ಇನ್ನೂ ಇಷ್ಟ. ಸಂಜೆ ನಾಲ್ಕಕ್ಕೆ. ಕುರ್ಚಿ ಹಿಂದಕ್ಕೆ ತಳ್ಳಿದರೆ ಸಾಕು ಅಂತ ಅರ್ಥ.”